ಬೆಕ್ಕಿನ ಬಾಯಿಗೆ ಬೀಳದಂತೆ: ಐಸ್‌ಲ್ಯಾಂಡಿನ ಕ್ರಿಸ್‌ಮಸ್ ಹೆಣಿಗೆ

ಐಸ್‌ಲ್ಯಾಂಡಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹೊಸ ಉಡುಪು ಸಿಗದವರನ್ನು ಬೆಕ್ಕು ತಿಂದುಹಾಕುತ್ತದೆ. ದೈತ್ಯಗಾತ್ರದ ಈ ಬೆಕ್ಕು ಹಬ್ಬದ ರಾತ್ರಿ ಹಿಮದಲ್ಲಿ ಅಲೆಯುತ್ತ, ಯಾರಿಗೆ ಹೊಸದು ಬಂದಿದೆ, ಯಾರಿಗೆ ಬಂದಿಲ್ಲ ಎಂದು ನೋಡುತ್ತದೆ ಎಂಬುದು ಅಲ್ಲಿನ ಜನಪದ ನಂಬಿಕೆ. ಹೊಸದೆಂದರೆ ದೊಡ್ಡದೇ ಆಗಬೇಕಿಲ್ಲ. ಒಂದು ಜೊತೆ ಕಾಲುಚೀಲವಿದ್ದರೂ ಜೀವ ಉಳಿಯಿತು. ಆ ಕಾಲುಚೀಲವಾದರೂ ಅಂಗಡಿಯಿಂದ ಬರುತ್ತಿರಲಿಲ್ಲ. ಕುರಿ ಮನೆಯದು, ನೂಲು ಮನೆಯದು, ಹೆಣೆದ ಕೈಯೂ ಮನೆಯದೇ. ಹಬ್ಬಕ್ಕೆ ಮುಂಚೆ ಮನೆಮಂದಿಗೆಲ್ಲ ಏನಾದರೊಂದು ಹೆಣೆದು ಮುಗಿಸಬೇಕೆಂಬ ಧಾವಂತ ಇಂದು ಯುರೋಪು, ಅಮೆರಿಕಗಳ ಎಷ್ಟೋ ಮನೆಗಳಲ್ಲಿ ಕಾಣುತ್ತದೆ. ಆದರೆ ಈ ಧಾವಂತದ ಹಿಂದಿನ ದುಡಿಮೆ, ಲೆಕ್ಕಾಚಾರ ಮತ್ತು ಹೆದರಿಕೆ ಮೂರೂ ಇಷ್ಟು ಸ್ಪಷ್ಟವಾಗಿ ಕಾಣುವ ನಾಡು ಐಸ್‌ಲ್ಯಾಂಡಿನಂತೆ ಇನ್ನೊಂದಿಲ್ಲ.

ಒಂಬತ್ತನೇ ಶತಮಾನದ ಕೊನೆಯಲ್ಲಿ ನಾರ್ವೆ ಕಡೆಯಿಂದ ಬಂದು ನೆಲೆಸಿದವರು ತಮ್ಮೊಡನೆ ಗಿಡ್ಡ ಬಾಲದ ಕುರಿಗಳನ್ನೂ ಹಡಗಿನಲ್ಲಿ ತಂದರು. ಹೊರಗಿನ ತಳಿಗಳೊಂದಿಗೆ ಹೆಚ್ಚು ಬೆರೆಯದೆ ಉಳಿದ ಈ ಕುರಿಯ ಮೈಮೇಲೆ ಎರಡು ಪದರ ಉಣ್ಣೆ ಬೆಳೆಯುತ್ತದೆ. ಹೊರಗಿನದು ಉದ್ದ, ಹೊಳಪು, ಗಟ್ಟಿ. ಮಳೆನೀರನ್ನು ಒಳಗೆ ಬಿಡದೆ ಜಾರಿಸುತ್ತದೆ. ಇದಕ್ಕೆ ಅಲ್ಲಿನವರು ‘ತೋಗ್’ ಎನ್ನುತ್ತಾರೆ. ಒಳಗಿನದು ಗಿಡ್ಡ, ಮೆತ್ತಗೆ, ಗಾಳಿಯನ್ನು ಹಿಡಿದಿಟ್ಟು ಮೈ ಬೆಚ್ಚಗಿಡುವಂಥದು; ಇದು ‘ಥೆಲ್’. ಹಿಂದೆ ಎರಡನ್ನೂ ಕೈಯಿಂದ ಬೇರ್ಪಡಿಸುತ್ತಿದ್ದರು. ಒಳ ಉಡುಪಿಗೆ, ಮಕ್ಕಳ ಬಟ್ಟೆಗೆ ಥೆಲ್. ಹಗ್ಗ, ಹೊಲಿಗೆ ದಾರ, ಗಟ್ಟಿ ಬಟ್ಟೆಗಳಿಗೆ ತೋಗ್. ನಮ್ಮ ಬಯಲುಸೀಮೆಯ ಡೆಕ್ಕನಿ ಕುರಿಯ ಉಣ್ಣೆ ಬೇರೆಯದೇ ಸ್ವಭಾವದ್ದು. ಒರಟಾದ ಆ ಉಣ್ಣೆಯಿಂದ ಕುರುಬರು ಕಂಬಳಿ ನೇಯ್ದು, ಹುಣಸೆಬೀಜದ ಗಂಜಿ ಹಚ್ಚಿ ಬಿರುಸು ಮಾಡುತ್ತಾರೆ. ಮಳೆಗೂ ಚಳಿಗೂ ಅದು ಭದ್ರ, ಆದರೆ ಬರಿಮೈಗೆ ಹಾಕುವ ಅಂಗಿಗೆ ಒಗ್ಗುವುದಿಲ್ಲ. ಹೀಗಾಗಿ ಕನ್ನಡ ನಾಡಿನ ಕುರಿ ಮಗ್ಗಕ್ಕೆ ಹೋಯಿತು, ಹೆಣಿಗೆ ಕಡ್ಡಿಗೆ ಬರಲಿಲ್ಲ.

ಐಸ್‌ಲ್ಯಾಂಡಿನ ಕುರಿಯೂ ಮೊದಲ ಆರೇಳು ನೂರು ವರ್ಷ ಮಗ್ಗಕ್ಕೇ ದುಡಿಯಿತು. ಗೋಡೆಗೆ ಒರಗಿಸಿ ನಿಲ್ಲಿಸಿದ ಮಗ್ಗ; ಹಾಸುನೂಲಿನ ತುದಿಗಳಿಗೆ ಕಲ್ಲು ಕಟ್ಟಿ ಇಳಿಬಿಡುತ್ತಿದ್ದರು; ನೇಯುವ ಹೆಂಗಸು ದಿನವಿಡೀ ನಿಂತೇ ಇರಬೇಕು, ಅತ್ತಿಂದಿತ್ತ ನಡೆಯುತ್ತಲೇ ಇರಬೇಕು. ಆ ಮಗ್ಗದ ಬಟ್ಟೆ ನಾಡಿನೊಳಗೆ ಹಣದಂತೆ ಚಲಾವಣೆಯಲ್ಲಿತ್ತು, ಹೊರದೇಶಕ್ಕೂ ಹೋಗುತ್ತಿತ್ತು. ಹೆಣಿಗೆ ಕಾಲಿಟ್ಟಿದ್ದು ಹದಿನಾರನೇ ಶತಮಾನದಲ್ಲಿ, ಬಹುಶಃ ಇಂಗ್ಲಿಷ್, ಜರ್ಮನ್ ಅಥವಾ ಡಚ್ ವ್ಯಾಪಾರಿಗಳ ಮೂಲಕ. ದಕ್ಷಿಣ ಕರಾವಳಿಯ ಸ್ಟೋರಾಬೋರ್ಗ್ ಎಂಬಲ್ಲಿ ಅಗೆತದಲ್ಲಿ ಸಿಕ್ಕ ಕೈಗವಸೊಂದು ಅಲ್ಲಿನ ಅತ್ಯಂತ ಹಳೆಯ ಹೆಣಿಗೆಗಳಲ್ಲಿ ಒಂದು. ಅದು ಆ ಶತಮಾನದ ಪೂರ್ವಾರ್ಧದ್ದು. ಹೊಸ ವಿದ್ಯೆ ಹಬ್ಬಿದ ವೇಗ ಮಾತ್ರ ಬೆರಗಿನದು. ಕಾರಣಗಳೇನೂ ಗೂಢವಲ್ಲ. ನಾಲ್ಕೈದು ಕಡ್ಡಿ, ಒಂದು ಉಂಡೆ ನೂಲು ಇದ್ದರೆ ಸಾಕು. ಕೂತು ಹೆಣೆಯಬಹುದು, ಹಾಸಿಗೆಯ ಅಂಚಿನಲ್ಲಿ ಹೆಣೆಯಬಹುದು, ಪಕ್ಕದ ಹೊಲಮನೆಗೆ ನಡೆದು ಹೋಗುತ್ತಲೂ ಹೆಣೆಯಬಹುದು. ಕಣ್ಣು ಬೇಕಾಗುವುದು ಕಡಿಮೆ, ಬೆರಳು ರೂಢಿಯಾದರೆ ಕತ್ತಲಲ್ಲೂ ನಡೆಯುತ್ತದೆ. ಏಳೆಂಟು ವರ್ಷದ ಮಗುವೂ ಕಲಿಯಬಲ್ಲದು. ಹೆಂಗಸರು, ಗಂಡಸರು, ಮುದುಕರು, ಮಕ್ಕಳು ಎನ್ನದೆ ಇಡೀ ನಾಡು ಕಡ್ಡಿ ಹಿಡಿಯಿತು.

1624ರ ಹೊತ್ತಿಗೆ ಐಸ್‌ಲ್ಯಾಂಡಿನಿಂದ ಒಂದೇ ವರ್ಷದಲ್ಲಿ 72 ಸಾವಿರಕ್ಕೂ ಹೆಚ್ಚು ಜೊತೆ ಉದ್ದ ಕಾಲುಚೀಲ, 12 ಸಾವಿರ ಜೊತೆ ಕೈಗವಸು ರಫ್ತಾಗಿದ್ದವು. 1703ರಲ್ಲಿ ಅಲ್ಲಿ ನಡೆದ ಜನಗಣತಿಯ ಪ್ರಕಾರ ಇಡೀ ದ್ವೀಪದ ಜನಸಂಖ್ಯೆ 50,358. ಎರಡು ಅಂಕಿಗಳ ನಡುವೆ ಎಂಬತ್ತು ವರ್ಷದ ಅಂತರವಿದ್ದರೂ ದುಡಿಮೆಯ ಪ್ರಮಾಣ ಅಂದಾಜಿಗೆ ಸಿಗುತ್ತದೆ: ತಲೆಗೊಂದು ಜೊತೆಗಿಂತ ಹೆಚ್ಚು ಹೊರದೇಶಕ್ಕೇ ಹೋಗುತ್ತಿತ್ತು, ಮನೆಯವರು ತೊಟ್ಟಿದ್ದು ಬೇರೆ. ಕೊಳ್ಳುವವನು ಡೆನ್ಮಾರ್ಕಿನ ವ್ಯಾಪಾರಿ. 1602ರಿಂದ 1787ರವರೆಗೆ ಐಸ್‌ಲ್ಯಾಂಡಿನ ವ್ಯಾಪಾರವೆಲ್ಲ ಡೆನ್ಮಾರ್ಕಿನ ದೊರೆ ಕೊಟ್ಟ ಏಕಸ್ವಾಮ್ಯದಲ್ಲಿತ್ತು; ಬೇರೆಯವರಿಗೆ ಮಾರುವಂತಿಲ್ಲ, ಬೇರೆಯವರಿಂದ ಕೊಳ್ಳುವಂತಿಲ್ಲ. ಮರ ಬೆಳೆಯದ, ಧಾನ್ಯ ಸರಿಯಾಗಿ ಬಾರದ ನಾಡಿನಲ್ಲಿ ಹಿಟ್ಟು, ಮರ, ಕಬ್ಬಿಣ, ಮೀನುಗಾಳಗಳಿಗೆ ಬದಲಾಗಿ ಕೊಡಲು ಇದ್ದದ್ದು ಮೀನು, ಮಾಂಸ, ಮತ್ತು ಈ ಕಾಲುಚೀಲ.

ಈ ದುಡಿಮೆ ನಡೆಯುತ್ತಿದ್ದ ಜಾಗದ ಹೆಸರು ‘ಬಾದ್‌ಸ್ಟೋವಾ’. ಹುಲ್ಲುಹೆಂಟೆಯ ಗೋಡೆ, ಹುಲ್ಲು ಬೆಳೆದ ಮಾಡು ಇರುವ ಮನೆಯಲ್ಲಿ ಅದೊಂದೇ ದೊಡ್ಡ ಕೋಣೆ. ಎರಡೂ ಗೋಡೆಗೆ ಸಾಲು ಮಂಚ. ಯಜಮಾನ, ಯಜಮಾನಿ, ಮಕ್ಕಳು, ಆಳುಗಳು ಎಲ್ಲರೂ ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು, ಅಲ್ಲೇ ಉಣ್ಣೆಯ ಕೆಲಸ. ಡಿಸೆಂಬರ್ ಮೂರನೇ ವಾರದಲ್ಲಿ ರೇಕ್ಯಾವಿಕ್ ನಗರಕ್ಕೆ ಹಗಲು ಸಿಗುವುದು ನಾಲ್ಕು ಗಂಟೆಯಷ್ಟು ಮಾತ್ರ. ಮಬ್ಬುಗತ್ತಲಾದೊಡನೆ ಮನೆಯವರು ಸ್ವಲ್ಪ ಹೊತ್ತು ಮಲಗಿಬಿಡುತ್ತಿದ್ದರು. ಆ ನಿದ್ದೆ ಸೋಮಾರಿತನವಲ್ಲ, ಎಣ್ಣೆಯ ಉಳಿತಾಯ. ಪೂರ್ತಿ ಕತ್ತಲಾದ ಮೇಲೆ ಎದ್ದು, ಮೀನೆಣ್ಣೆಯ ದೀಪ ಹಚ್ಚಿ ಕೂತರೆ ಶುರುವಾಗುತ್ತಿದ್ದುದು ‘ಕ್ವೊಲ್ಡ್‌ವಾಕಾ’, ಅಂದರೆ ಸಂಜೆಯ ಜಾಗರಣೆ. ಒಬ್ಬರು ಉಣ್ಣೆ ಬಿಡಿಸುತ್ತಾರೆ, ಒಬ್ಬರು ಹಿಂಜುತ್ತಾರೆ, ಇನ್ನೊಬ್ಬರು ನೂಲುತ್ತಾರೆ, ಉಳಿದವರು ಹೆಣೆಯುತ್ತಾರೆ. ದೀಪದ ಪಕ್ಕದ ಜಾಗ ಓದುವವನಿಗೆ ಮೀಸಲು. ಆತ ‘ಸಾಗಾ’ ಎಂಬ ವೀರಕಥೆಗಳನ್ನೋ ‘ರೀಮುರ್’ ಎಂಬ ಕಥನಪದ್ಯಗಳನ್ನೋ ಗಟ್ಟಿಯಾಗಿ ಓದಬೇಕು, ರಾಗವಾಗಿ ಹೇಳಬೇಕು. ಆ ಹೊತ್ತಿಗೆ ಅವನಿಗೆ ಉಣ್ಣೆಯ ಕೆಲಸದಿಂದ ವಿನಾಯಿತಿ. ಹಳ್ಳಿಯಿಂದ ಹಳ್ಳಿಗೆ ತಿರುಗುವ ಹಾಡುಗಾರ ಬಂದರೆ ಊಟ, ಹಾಸಿಗೆ ಕೊಟ್ಟು ಉಳಿಸಿಕೊಳ್ಳುತ್ತಿದ್ದರು. ಈ ಲೋಕದ ಮೇಲೆ ಡೆನ್ಮಾರ್ಕಿನ ಸರಕಾರಕ್ಕೆ ಅಸಮಾಧಾನವೂ ಇತ್ತು. 1746ರಲ್ಲಿ ಹೊರಟ ಗೃಹಶಿಸ್ತಿನ ಆಜ್ಞೆ, ಪ್ರಯೋಜನವಿಲ್ಲದ ಕಥೆ, ಪದ್ಯಗಳಿಂದ ಮನೆಮಂದಿಯನ್ನು ದೂರವಿಡುವಂತೆ ಯಜಮಾನರಿಗೆ ಕಟ್ಟಪ್ಪಣೆ ಮಾಡಿತು. ಆಜ್ಞೆ ಕಾಗದದಲ್ಲಿ ಉಳಿಯಿತು, ರೀಮುರ್ ಬಾಯಲ್ಲಿ ಉಳಿಯಿತು. ಈ ವಿಷಯದಲ್ಲಾದರೂ ಜನರು ದೊರೆಯ ಮಾತು ಕೇಳದೆ ಹೋದದ್ದು ಸಾಹಿತ್ಯಕ್ಕೆ ಒಳ್ಳೆಯದೇ ಆಯಿತು.

ಕ್ರಿಸ್‌ಮಸ್ ಹತ್ತಿರವಾದಂತೆ ಜಾಗರಣೆ ಉದ್ದವಾಗುತ್ತಿತ್ತು. ವ್ಯಾಪಾರಿಯ ಲೆಕ್ಕ ಚುಕ್ತಾ ಮಾಡಲು ಹಬ್ಬಕ್ಕೆ ಮೊದಲೇ ಸಾಮಾನು ತಲುಪಿಸಬೇಕು. ಜೊತೆಗೆ ಮನೆಯವರ ಹೊಸ ಉಡುಪೂ ಸಿದ್ಧವಾಗಬೇಕು. ಹಬ್ಬದ ಹಿಂದಿನ ವಾರವನ್ನು ಕಡ್ಡಿಯ ವಾರವೆಂದೇ ಕರೆಯುತ್ತಿದ್ದರು. ಇದು ಹೆಣೆಯುವ ಕಡ್ಡಿಯಲ್ಲ. ಬೆಂಕಿಕಡ್ಡಿಯಷ್ಟು ಗಾತ್ರದ ಚೂರುಗಳನ್ನು ಕಣ್ಣಿನ ರೆಪ್ಪೆಗೆ ಸಿಕ್ಕಿಸಿಕೊಂಡು ನಿದ್ದೆ ತಡೆಯುತ್ತಿದ್ದರು ಎಂಬ ವಿವರ ಜನಪದ ದಾಖಲೆಗಳಲ್ಲಿದೆ. ತೂಕಡಿಸಿದರೆ ರೆಪ್ಪೆಗೆ ಚುಚ್ಚಿ ನೋವಾಗುತ್ತದೆ, ಎಚ್ಚರವಾಗುತ್ತದೆ. ಎಷ್ಟು ಮನೆಗಳಲ್ಲಿ ನಿಜವಾಗಿ ಹೀಗೆ ಮಾಡಿದರೋ, ಎಷ್ಟು ಕಡೆ ಮಕ್ಕಳನ್ನು ಹೆದರಿಸಲು ಹೇಳಿದರೋ, ವಾರಕ್ಕೆ ಆ ಹೆಸರು ನಿಂತಿತೆಂದರೆ ಆಯಾಸ ಸುಳ್ಳಲ್ಲ.

ಬೆಕ್ಕು ಬರುವುದು ಇಲ್ಲಿಗೇ. ಭೂಮಿಯಿಲ್ಲದವರು ಯಾರಾದರೂ ರೈತನ ಮನೆಯಲ್ಲಿ ವರ್ಷದ ಕರಾರಿನ ಮೇಲೆ ಚಾಕರಿಗಿರಲೇಬೇಕೆಂಬ ಕಾನೂನು ಶತಮಾನಗಳ ಕಾಲ ಜಾರಿಯಲ್ಲಿತ್ತು. ಅದು ಸಡಿಲವಾದದ್ದು 1894ರಲ್ಲಿ. ಆಳಿನ ಸಂಬಳದ ದೊಡ್ಡ ಪಾಲು ಊಟ, ವಸತಿ ಮತ್ತು ಬಟ್ಟೆಯ ರೂಪದಲ್ಲೇ ಸಲ್ಲುತ್ತಿತ್ತು. ಕ್ರಿಸ್‌ಮಸ್ಸಿಗೆ ಮನೆಯ ಪ್ರತಿಯೊಬ್ಬರಿಗೂ ಹೊಸದೊಂದು ಉಡುಪು, ಕುರಿದೊಗಲಿನ ಹೊಸ ಪಾದರಕ್ಷೆ, ಒಂದು ಮೇಣದಬತ್ತಿ ಕೊಡುವುದು ರೂಢಿ. ಶರತ್ಕಾಲದ ಉಣ್ಣೆ ಕೆಲಸವನ್ನು ಹೊತ್ತಿಗೆ ಮುಗಿಸಿಕೊಟ್ಟವರಿಗೆ ಅದು ಬಹುಮಾನ, ಸೋಮಾರಿಗೆ ಬೆಕ್ಕು. ಅಂದರೆ ಈ ಉಡುಗೊರೆಯಲ್ಲಿ ಪ್ರೀತಿಯಷ್ಟೇ ಕೂಲಿಯ ಲೆಕ್ಕವೂ ಇತ್ತು. ಹಬ್ಬದ ಹಿಂದಿನ ದಿನ ಕೈಗೆ ಬಂದ ಕಾಲುಚೀಲ, ಅದನ್ನು ತೊಟ್ಟವನೇ ತಿಂಗಳುಗಟ್ಟಲೆ ನೂತ ನೂಲಿನದಾಗಿರುವುದು ಸಾಮಾನ್ಯ. ಯೋನ್ ಆರ್ನಾಸನ್ 1862ರಲ್ಲಿ ಪ್ರಕಟಿಸತೊಡಗಿದ ಜನಪದ ಕಥೆಗಳ ಸಂಗ್ರಹದಲ್ಲಿ ಬೆಕ್ಕಿನ ಉಲ್ಲೇಖ ಚುಟುಕಾಗಿದೆ. ಅದಕ್ಕೆ ಮನೆಮಾತಿನ ಖ್ಯಾತಿ ತಂದುಕೊಟ್ಟಿದ್ದು 1932ರಲ್ಲಿ ಬಂದ, ಕವಿ ಯೋಹಾನೆಸ್ ಊರ್ ಕೊಟ್ಲುಮ್ ಮಕ್ಕಳಿಗಾಗಿ ಬರೆದ ಕ್ರಿಸ್‌ಮಸ್ ಪದ್ಯಗಳ ಪುಸ್ತಕ. ಕವಿ ಬೆಕ್ಕನ್ನು ಆಳುಗಳಿಂದ ಬಡವರ ಮಕ್ಕಳ ಕಡೆಗೆ ತಿರುಗಿಸಿದರು: ಹೊಸ ಬಟ್ಟೆ ಇಲ್ಲದಿರುವುದು ಸೋಮಾರಿತನದ ಗುರುತಲ್ಲ, ಬಡತನದ ಗುರುತು. 2018ರಿಂದ ಡಿಸೆಂಬರಿನಲ್ಲಿ ರೇಕ್ಯಾವಿಕ್‌ನ ಚೌಕವೊಂದರಲ್ಲಿ ಐದು ಮೀಟರ್ ಎತ್ತರದ ವಿದ್ಯುದ್ದೀಪದ ಬೆಕ್ಕು ನಿಲ್ಲುತ್ತಿದೆ; ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಮಕ್ಕಳಿಗೆ ಹೆದರಿಕೆಯೇನೂ ಇದ್ದಂತಿಲ್ಲ.

ಹೆಣೆದ ವಸ್ತುಗಳಲ್ಲಿ ಅಂದಕ್ಕಿಂತ ಉಪಯೋಗ ಮುಂದೆ. ಮೀನುಗಾರರ ಕೈಗವಸಿಗೆ ಎರಡು ಹೆಬ್ಬೆರಳು ಹೆಣೆಯುತ್ತಿದ್ದರು. ಹುಟ್ಟು ಹಾಕಿ, ಗಾಳದ ಹಗ್ಗ ಎಳೆದು ಅಂಗೈ ಭಾಗ ಸವೆದರೆ ಕೈಗವಸನ್ನು ತಿರುಗಿಸಿ ಇನ್ನೊಂದು ಹೆಬ್ಬೆರಳಿನ ಚೀಲಕ್ಕೆ ಬೆರಳು ತೂರಿಸಿದರಾಯಿತು. ಅದನ್ನು ಮೊದಲು ಬೇಕಾದ್ದಕ್ಕಿಂತ ಬಹಳ ದೊಡ್ಡದಾಗಿ ಹೆಣೆದು, ಒದ್ದೆ ಮಾಡಿ, ತುಳಿದು, ಹಿಸುಕಿ ಕುಗ್ಗಿಸುತ್ತಿದ್ದರು. ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹೆಣಿಗೆಯ ಕುಣಿಕೆಗಳೇ ಕಾಣದಷ್ಟು ದಟ್ಟವಾಗುತ್ತವೆ. ಗಾಳಿ, ನೀರು ಸುಲಭಕ್ಕೆ ನುಗ್ಗುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಪಾದರಕ್ಷೆಯೊಳಗಿನ ಹೆಣೆದ ಅಡಿಹಾಸು. ಕುರಿದೊಗಲಿನ, ಮೀನುದೊಗಲಿನ ಪಾದರಕ್ಷೆ ತೀರ ತೆಳು. ಕಲ್ಲು ಒತ್ತದಿರಲೆಂದು ಒಳಗೆ ಒಂದು ಹಾಸು. ಹಬ್ಬಕ್ಕೆ, ಚರ್ಚಿಗೆ ಹಾಕುವ ಪಾದರಕ್ಷೆಗಾದರೆ ಅದರಲ್ಲಿ ಎಂಟೆಸಳಿನ ಹೂ, ಪಟ್ಟೆ, ನಾಲ್ಕೈದು ಬಣ್ಣ. ತುಳಿದು ಸವೆಸುವ ಜಾಗದಲ್ಲಿ, ಪಾದರಕ್ಷೆ ಬಿಚ್ಚಿದರೆ ಮಾತ್ರ ಕಾಣುವ ಕಡೆ ಇಷ್ಟು ಕುಸುರಿ! ಕೈಗೆಲಸದಲ್ಲಿ ತೋರಿಕೆಯ ಆಸೆಯಷ್ಟೇ ಇರುವುದಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಹತ್ತೊಂಬತ್ತನೇ ಶತಮಾನದ ಕೊನೆಗೆ ನೂಲಿನ ಗಿರಣಿಗಳು ಬಂದವು, ಜನ ಹುಲ್ಲುಮನೆ ಬಿಟ್ಟು ಪೇಟೆ ಸೇರಿದರು, 1930ರಲ್ಲಿ ರೇಡಿಯೊ ಶುರುವಾಯಿತು. ಸಂಜೆಯ ಜಾಗರಣೆ ಮೆಲ್ಲಗೆ ಮುಗಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಆಮದು ಸಾಮಾನುಗಳಿಗೆ ಕಟ್ಟುಪಾಡು ಬಿದ್ದಾಗ ಕಾಗದ ಮಾತ್ರ ಸಾಕಷ್ಟು ಸಿಗುತ್ತಿತ್ತು. ಹಾಗಾಗಿ ಕ್ರಿಸ್‌ಮಸ್ ಉಡುಗೊರೆಯ ಮೊದಲ ಜಾಗ ಪುಸ್ತಕಕ್ಕೆ ಹೋಯಿತು. ಹೊಸ ಪುಸ್ತಕಗಳ ಪಟ್ಟಿ 1944ರಿಂದ ಹಬ್ಬಕ್ಕೆ ಮುನ್ನ ಮನೆಮನೆಗೆ ಬರತೊಡಗಿತು. ಹಿಂದೆ ಹೆಣೆಯುವವರು ಕಿವಿಯಿಂದ ಕೇಳುತ್ತಿದ್ದ ಕಥೆ ಈಗ ಕಾಲುಚೀಲದ ಪಕ್ಕದಲ್ಲೇ ಇನ್ನೊಂದು ಪೊಟ್ಟಣವಾಗಿ ಬರುತ್ತದೆ.

ಹೆಣಿಗೆ ಹಿಂದೆ ಸರಿಯಲಿಲ್ಲ, ರೂಪ ಬದಲಿಸಿತು. ಗಿರಣಿಯಲ್ಲಿ ಹಿಂಜಿ, ನೂಲುವ ಮೊದಲಿನ ಹಂತದಲ್ಲಿ ಸಿಗುವ ಸಡಿಲ ಉಣ್ಣೆಯ ಎಳೆಗೆ ‘ಲೋಪಿ’ ಎಂದು ಹೆಸರು. ಅದನ್ನು ನೂಲದೆಯೇ ಹೆಣೆಯಬಹುದೆಂದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಂಡುಕೊಂಡರು. ಹುರಿಯಿಲ್ಲದ ಈ ಎಳೆ ಜೋರಾಗಿ ಜಗ್ಗಿದರೆ ಕಿತ್ತುಬರುತ್ತದೆ, ಹೆಣೆದ ಮೇಲೆ ಮಾತ್ರ ಹಗುರ, ಬೆಚ್ಚಗೆ. 1950ರ ದಶಕದಲ್ಲಿ ಇದರಿಂದಲೇ ‘ಲೋಪಾಪೇಸಾ’ ಎಂಬ ಸ್ವೆಟರ್ ರೂಪುಗೊಂಡಿತು. ಕುತ್ತಿಗೆಯ ಸುತ್ತ, ಹೆಗಲಿನ ಮೇಲೆ ಹರಡುವ ವೃತ್ತಾಕಾರದ ವಿನ್ಯಾಸ ಅದರ ಗುರುತು. ವಿನ್ಯಾಸದ ಮೂಲವನ್ನು ಕೆಲವರು ಗ್ರೀನ್‌ಲ್ಯಾಂಡಿನ ಮಣಿಗಳ ಕೊರಳಪಟ್ಟಿಯಲ್ಲಿ, ಕೆಲವರು ಸ್ವೀಡನ್ನಿನ ಹೆಣಿಗೆಯಲ್ಲಿ ಹುಡುಕುತ್ತಾರೆ. ನಾಡಿನ ಪ್ರಾಚೀನ ಪರಂಪರೆಯೆಂದು ಪ್ರವಾಸಿಗಳಿಗೆ ತೋರಿಸುವ ಈ ಉಡುಪಿಗೆ ಇನ್ನೂ ನೂರು ವರ್ಷವಾಗಿಲ್ಲ. 1977ರಲ್ಲಿ ಕೈಹೆಣಿಗೆಯವರು ಸಂಘ ಕಟ್ಟಿಕೊಂಡರು. 2008ರ ಬ್ಯಾಂಕ್ ಕುಸಿತದ ನಂತರ ಕೈಯಲ್ಲಿ ಕಾಸಿಲ್ಲದೆ ಹೋದಾಗ ಉಣ್ಣೆಯ ಮಾರಾಟ ಏರಿತು. 2020ರಲ್ಲಿ ‘ಐಸ್‌ಲ್ಯಾಂಡಿನ ಲೋಪಾಪೇಸಾ’ ಎಂಬ ಹೆಸರಿಗೆ ಮೂಲಸ್ಥಾನದ ಕಾನೂನು ರಕ್ಷಣೆ ಸಿಕ್ಕಿತು: ಐಸ್‌ಲ್ಯಾಂಡಿನ ಕುರಿಯ ಹೊಸ ಉಣ್ಣೆಯಲ್ಲಿ, ಐಸ್‌ಲ್ಯಾಂಡಿನಲ್ಲೇ, ಕೈಯಿಂದ, ಹೊಲಿಗೆಯಿಲ್ಲದೆ ಸುತ್ತಾಗಿ ಹೆಣೆದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ.

ಸುತ್ತಾಗಿ ಹೆಣೆಯುವುದೆಂದರೆ ಹೀಗೆ. ಮೈಗೆ ಒಂದು ಕೊಳವೆ, ತೋಳಿಗೆ ಎರಡು ಕೊಳವೆ ಬೇರೆಬೇರೆಯಾಗಿ ಕಂಕುಳಿನವರೆಗೆ ಹೆಣೆಯುತ್ತಾರೆ. ಅಲ್ಲಿ ಮೂರನ್ನೂ ಒಂದೇ ಉದ್ದನೆಯ ವೃತ್ತದ ಕಡ್ಡಿಗೆ ತೆಗೆದುಕೊಂಡು, ಬಣ್ಣದ ವಿನ್ಯಾಸ ಮೂಡಿಸುತ್ತ, ನಡುನಡುವೆ ಕುಣಿಕೆ ಕಡಿಮೆ ಮಾಡುತ್ತ ಕುತ್ತಿಗೆಗೆ ತಲುಪಿದರೆ ಸ್ವೆಟರ್ ಮುಗಿಯಿತು. ಕತ್ತರಿಸುವುದು, ತುಂಡು ಜೋಡಿಸಿ ಹೊಲಿಯುವುದು ಇಲ್ಲ. ದಪ್ಪ ಲೋಪಿಯಲ್ಲಿ ಹತ್ತು ಸೆಂಟಿಮೀಟರಿಗೆ ಸುಮಾರು 13 ಕುಣಿಕೆ, 18 ಸುತ್ತು. ಒಂದು ಮೀಟರ್ ಸುತ್ತಳತೆಯ ಎದೆಗೆ ಸುತ್ತಿಗೆ 130 ಕುಣಿಕೆ. ಮೈ, ತೋಳು, ಹೆಗಲು ಎಲ್ಲ ಸೇರಿ ಅಂದಾಜು 22 ಸಾವಿರ. ಪಳಗಿದ ಕೈ ನಿಮಿಷಕ್ಕೆ ಇಪ್ಪತ್ತು ಕುಣಿಕೆ ಹಾಕಿದರೂ ಹದಿನೆಂಟು ಗಂಟೆಯ ಕೆಲಸ. ಇನ್ನು ತೆಳು ನೂಲಿನ ಒಂದು ಜೊತೆ ಸಾದಾ ಕಾಲುಚೀಲ: ಸುತ್ತಿಗೆ 64 ಕುಣಿಕೆ, ಪಾದ ಮತ್ತು ಕಣಕಾಲು ಸೇರಿ ಒಂದಕ್ಕೆ 165ಕ್ಕೂ ಮಿಕ್ಕಿ ಸುತ್ತು. ಗುಣಿಸಿದರೆ ಜೊತೆಗೆ 21 ಸಾವಿರದ ಮೇಲೆ. ಅಂದರೆ ಇಡೀ ಸ್ವೆಟರಿಗೂ ಒಂದು ಜೊತೆ ಕಾಲುಚೀಲಕ್ಕೂ ಬೀಳುವ ಕುಣಿಕೆ ಹೆಚ್ಚುಕಡಿಮೆ ಒಂದೇ! ಪಡೆದವರು ಸ್ವೆಟರಿಗೆ ಬಾಯ್ತುಂಬ ಹೊಗಳಿ, ಕಾಲುಚೀಲಕ್ಕೆ ಒಂದು ನಗು ಕೊಟ್ಟು ಸುಮ್ಮನಾಗುವುದು ಹೆಣೆಯುವವರ ಹಳೆಯ ದೂರು. ದಪ್ಪ ನೂಲಿನ ಟೋಪಿಗಾದರೆ ಮೂರು ಸಾವಿರ ಕುಣಿಕೆ ಸಾಕು, ಎರಡೂವರೆ ಗಂಟೆ. ಹತ್ತು ಜನರ ಪಟ್ಟಿ ಹಿಡಿದುಕೊಂಡು ನವೆಂಬರಿನಲ್ಲಿ ಕಡ್ಡಿ ಎತ್ತಿಕೊಂಡವರು ಡಿಸೆಂಬರಿನಲ್ಲಿ ಟೋಪಿಗೆ ಇಳಿಯುವುದು ಈ ಲೆಕ್ಕದಿಂದ.

ಗಡುವಿನ ಲೆಕ್ಕ ಹೆಣಿಗೆಯೊಂದಿಗೆ ಮುಗಿಯುವುದೂ ಇಲ್ಲ. ಐಸ್‌ಲ್ಯಾಂಡಿನಲ್ಲಿ ಹಬ್ಬ ಶುರುವಾಗುವುದು ಡಿಸೆಂಬರ್ 24ರ ಸಂಜೆ ಆರಕ್ಕೆ, ಚರ್ಚಿನ ಗಂಟೆ ಬಾರಿಸಿದಾಗ. ಪೊಟ್ಟಣ ಬಿಚ್ಚುವುದು ಅಂದೇ ರಾತ್ರಿ ಊಟವಾದ ಮೇಲೆ. ಕಡ್ಡಿಯಿಂದ ಇಳಿದ ಸ್ವೆಟರನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ಒತ್ತಿ, ಅಳತೆಗೆ ಹರಡಿ ಒಣಗಿಸಿದ ಮೇಲೇ ಕುಣಿಕೆಗಳು ಸಮನಾಗಿ ಕೂರುವುದು. ಚಳಿಗಾಲದಲ್ಲಿ ಇದಕ್ಕೆ ಎರಡು ದಿನವಾದರೂ ಬೇಕು. ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದ ಎಳೆಯುತ್ತದೆ. ಅಳತೆ ಇನ್ನೊಂದು ತೊಡಕು. ಕೇಳಿದರೆ ಗುಟ್ಟು ರಟ್ಟು. ಕೇಳದಿದ್ದರೆ ಅವರ ಹಳೆಯ ಸ್ವೆಟರ್ ಬೀರುವಿನಿಂದ ಕದ್ದು ಅಳೆಯಬೇಕು. ಬೆಳೆಯುವ ಮಕ್ಕಳಿಗೆ ಒಂದು ಅಳತೆ ದೊಡ್ಡದಾಗಿ ಹೆಣೆಯುವುದು ಎಲ್ಲ ದೇಶಗಳ ಅಜ್ಜಿಯರಿಗೂ ಗೊತ್ತಿರುವ ಉಪಾಯ. ಮದುವೆಗೆ ಮುಂಚೆ ಗೆಳೆಯನಿಗೆ ಸ್ವೆಟರ್ ಹೆಣೆದರೆ ಸಂಬಂಧ ಮುರಿಯುತ್ತದೆ ಎಂಬ ಮೂಢನಂಬಿಕೆ ಪಶ್ಚಿಮದ ಹೆಣಿಗೆಯವರಲ್ಲಿದೆ. ಸ್ವೆಟರ್ ಮುಗಿಯಲು ತಿಂಗಳುಗಳು ಹಿಡಿಯುತ್ತವೆ, ಕೆಲವು ಸಂಬಂಧಗಳ ಆಯಸ್ಸು ಅಷ್ಟಿರುವುದಿಲ್ಲ ಎಂಬುದಷ್ಟೇ ಅದರ ಗುಟ್ಟಿರಬೇಕು.

ಹೆಣೆದದ್ದನ್ನು ಕೊಡುವ ಸಂದರ್ಭ ಎಲ್ಲೆಡೆ ಕ್ರಿಸ್‌ಮಸ್ಸೇ ಅಲ್ಲ. ಬಾಲ್ಟಿಕ್ ತೀರದ ಲಾಟ್ವಿಯಾದಲ್ಲಿ ಹುಡುಗಿಯರು ಚಿಕ್ಕಂದಿನಿಂದಲೇ ಚಿತ್ತಾರದ ಕೈಗವಸು ಹೆಣೆದು ಮದುವೆಯ ಪೆಟ್ಟಿಗೆ ತುಂಬಿಸಬೇಕಿತ್ತು. ಮದುವೆಯ ದಿನ ಅವು ಅತ್ತೆ, ಮಾವ, ಗಂಡಿನ ಕಡೆಯ ಬಂಧುಗಳಿಗೆಲ್ಲ ಹಂಚಿಹೋಗುತ್ತಿದ್ದವು. 2006ರ ನವೆಂಬರಿನಲ್ಲಿ ರೀಗಾ ನಗರದಲ್ಲಿ ನೇಟೋ ಶೃಂಗಸಭೆ ನಡೆದಾಗ ಬಂದ ಅತಿಥಿಗಳಿಗೆ ಕೈಯಲ್ಲಿ ಹೆಣೆದ 4,500 ಜೊತೆ ಕೈಗವಸುಗಳನ್ನು ಸರಕಾರವೇ ಕೊಟ್ಟಿತು. ಕರ್ನಾಟಕದಲ್ಲಿ ಹೆಣಿಗೆಯ ಗಡುವು ಹಬ್ಬವಲ್ಲ, ಹೆರಿಗೆ. ಏಳು, ಎಂಟು ತಿಂಗಳು ತುಂಬುತ್ತಿದ್ದಂತೆ ಅಜ್ಜಿಯೋ ಅತ್ತೆಯೋ ಚಿಕ್ಕಮ್ಮನೋ ಉಲ್ಲನ್ ದಾರ ತಂದು ಕುಲಾವಿ, ಪುಟ್ಟ ಸ್ವೆಟರ್, ಕಾಲುಚೀಲ ಹೆಣೆಯತೊಡಗುತ್ತಾರೆ. ಆ ದಾರ ಹೆಸರಿಗೆ ಉಲ್ಲನ್ನಾದರೂ ಬಹುಪಾಲು ಅಕ್ರಿಲಿಕ್. ಅಗ್ಗ, ಚುಚ್ಚುವುದಿಲ್ಲ, ದಿನಾ ಒಗೆದರೂ ಕುಗ್ಗುವುದಿಲ್ಲ. ಬಾಣಂತಿ ಮನೆಗೆ ಅದೇ ಅನುಕೂಲ.

ನಿಜವಾದ ಉಣ್ಣೆಯ ಉಡುಗೊರೆಗೆ ಈ ಸಲಿಗೆ ಇಲ್ಲ. ಮೀನುಗಾರರ ಕೈಗವಸನ್ನು ಗಟ್ಟಿ ಮಾಡುತ್ತಿದ್ದ ಅದೇ ತುಳಿತ ಮತ್ತು ನೀರು, ಬಿಸಿ ಮತ್ತು ಸೋಪಿನ ಜೊತೆ ವಾಷಿಂಗ್ ಮೆಷಿನ್ನಿನೊಳಗೆ ಸೇರಿದರೆ ಹದಿನೆಂಟು ಗಂಟೆಯ ಸ್ವೆಟರನ್ನು ಅರ್ಧ ಗಂಟೆಯಲ್ಲಿ ಐದು ವರ್ಷದ ಮಗುವಿನ ಅಳತೆಗೆ ಇಳಿಸುತ್ತವೆ. ಹಾಗಾಗದಿರಲೆಂದು ಬಲ್ಲವರು ಪೊಟ್ಟಣದೊಳಗೆ ತೊಳೆಯುವ ಕ್ರಮ ಬರೆದ ಚೀಟಿಯೊಂದನ್ನು ಇಡುತ್ತಾರೆ: ಪದೇಪದೇ ತೊಳೆಯುವುದು ಬೇಡ, ಗಾಳಿಗೆ ಹರಡಿದರೆ ಸಾಕು, ತೊಳೆಯಲೇಬೇಕಾದರೆ ಉಗುರುಬೆಚ್ಚಗಿನ ನೀರು, ಉಜ್ಜುವಂತಿಲ್ಲ, ಹಿಂಡುವಂತಿಲ್ಲ. ಚೀಟಿಯ ಜೊತೆಗೆ ಅದೇ ಬಣ್ಣದ ಒಂದಿಷ್ಟು ಉಳಿಕೆ ದಾರವೂ ಇರುತ್ತದೆ. ಮೂರ್ನಾಲ್ಕು ವರ್ಷದಲ್ಲಿ ಮೊಣಕೈ ಸವೆದು ತೂತು ಬೀಳುವುದು ಖಂಡಿತ. ಬಣ್ಣ ಹಾಕಿದ ದಾರ ಪ್ರತಿ ಬಾರಿಯೂ ಒಂದಿಷ್ಟು ಬೇರೆಯಾಗಿ ಬರುವುದರಿಂದ ಆಗ ಅಂಗಡಿಯಲ್ಲಿ ಸರಿಹೊಂದುವ ಎಳೆ ಹುಡುಕುವುದು ಕಷ್ಟ.